ನೂರಕ್ಕೆ ನಲವತ್ತೇಳು, ಆದರೆ ಯಾವ ನೂರು?

ಘಾಟ್ಕೋಪರ್ ಪೂರ್ವದಲ್ಲಿರುವ ನಮ್ಮ ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾಮೂಲಾಗಿ ಮೂರೇ ವಿಷಯ. ನೀರು ಎಷ್ಟು ಹೊತ್ತಿಗೆ ಬರುತ್ತದೆ, ಯಾರ ಗಾಡಿ ಯಾರ ಗಾಡಿಗೆ ಅಡ್ಡ ನಿಂತಿದೆ, ಲಿಫ್ಟ್ ಯಾವಾಗ ರಿಪೇರಿಯಾಗುತ್ತದೆ. 2025ರ ಜುಲೈಯಲ್ಲಿ ನಾಲ್ಕನೆಯದೊಂದು ಸೇರಿಕೊಂಡಿತು: ಪಾರಿವಾಳ.

ಮುಂಬೈಯಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಜಾಗಕ್ಕೆ ಕಬೂತರ್‌ಖಾನಾ ಎನ್ನುತ್ತಾರೆ. ದಾದರ್‌ ಸ್ಟೇಷನ್ನಿನಲ್ಲಿ ಇಳಿದು ನಡೆದವರೆಲ್ಲ ಅಲ್ಲಿನದನ್ನು ನೋಡಿಯೇ ಇರುತ್ತೀರಿ. ನಗರದ 51 ಕಬೂತರ್‌ಖಾನೆಗಳನ್ನು ಮುಚ್ಚುವಂತೆ ಪಾಲಿಕೆಗೆ ಸೂಚಿಸುತ್ತೇವೆ ಎಂದು ಜುಲೈ ಮೊದಲ ವಾರ ಮಹಾರಾಷ್ಟ್ರ ಸರ್ಕಾರ ವಿಧಾನ ಪರಿಷತ್ತಿನಲ್ಲಿ ಹೇಳಿತು. ಕಾರಣ, ಶ್ವಾಸಕೋಶದ ಕಾಯಿಲೆ. ಅಲ್ಲಿಂದ ಶುರುವಾದ ಜಗಳ ಹೈಕೋರ್ಟ್, ಸುಪ್ರೀಂ ಕೋರ್ಟ್, ಬೀದಿ, ಟಿ.ವಿ. ಸ್ಟುಡಿಯೋ ಎಲ್ಲ ಸುತ್ತಿ ನಮ್ಮ ಏಳು ಮಹಡಿಯ ಕಟ್ಟಡದ ಲಿಫ್ಟಿನೊಳಗೂ ಬಂತು.

ಬಂದಾಗ ನಾನು ಯಾವ ಕಡೆ ಎಂಬುದು ಆಗಲೇ ತೀರ್ಮಾನವಾಗಿತ್ತು.

ಅಮ್ಮ ವಿಟ್ಲದ ಹತ್ತಿರದ ನಮ್ಮ ಊರಿನಿಂದ ಜನವರಿಯಲ್ಲಿ ಬಂದಿದ್ದಳು. ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಮಗುವಿಗೆ ಆಗಷ್ಟೇ ಒಂದು ವರ್ಷ. ಏಪ್ರಿಲ್‌ನಲ್ಲಿ ಅವಳಿಗೆ ಒಣಕೆಮ್ಮು ಹಿಡಿಯಿತು. ಮೊದಲು ಕಷಾಯ, ಆಮೇಲೆ ಸಿರಪ್, ಆಮೇಲೆ ಎರಡು ಕೋರ್ಸ್ ಆ್ಯಂಟಿಬಯೋಟಿಕ್. ಜೂನ್ ಹೊತ್ತಿಗೆ ಅಡುಗೆಮನೆಯಿಂದ ಹಾಲ್‌ಗೆ ಬರುವಷ್ಟರಲ್ಲಿ ಏದುಸಿರು. ಎದೆಯ ಸ್ಕ್ಯಾನ್ ನೋಡಿದ ವೈದ್ಯರು ಔಷಧ ಬರೆಯುವ ಮೊದಲು ಕೇಳಿದ ಪ್ರಶ್ನೆ ಇದು: ‘ನಿಮ್ಮ ಕಿಟಕಿ ಹತ್ತಿರ ಪಾರಿವಾಳ ಇದೆಯಾ?’

ಇದೆಯಾ ಎಂದರೆ! ಅಮ್ಮ ಮಲಗುವ ಕೋಣೆಯ ಕಿಟಕಿಯಾಚೆ, ಎಸಿಯ ಹೊರಗಿನ ಡಬ್ಬದ ಹಿಂದೆ, ಎರಡು ಜೋಡಿ ಗೂಡು ಕಟ್ಟಿಕೊಂಡಿದ್ದವು. ಹಿಕ್ಕೆ ಒಣಗಿ ಬೆರಳುದ್ದ ದಪ್ಪವಾಗಿತ್ತು. ನಾವು ಏಳನೇ ಮಹಡಿ, ಮೇಲೆ ಟೆರೇಸ್. ದಿನಾ ಬೆಳಿಗ್ಗೆ ಆರೂವರೆಗೆ ಆರನೇ ಮಹಡಿಯ ಜೈನ ಕಾಕಾ ಸ್ಟೀಲ್ ಡಬ್ಬಿಯಲ್ಲಿ ಜೋಳ ತುಂಬಿಕೊಂಡು ಟೆರೇಸಿಗೆ ಹೋಗುತ್ತಾರೆ. ಅವರ ಅಪ್ಪನ ಕಾಲದಿಂದ ನಡೆದು ಬಂದ ಜೀವದಯೆ. ಕಾಕಾರ ಹೆಂಡತಿಯೂ ಅಮ್ಮನೂ ಭಾಷೆ ಬಾರದೆಯೂ ಗೆಳತಿಯರು. ಕೆಳಗಿನಿಂದ ಥೇಪ್ಲಾ ಬಂದರೆ ಮೇಲಿನಿಂದ ನೀರುದೋಸೆ ಹೋಗುತ್ತಿತ್ತು.

ವೈದ್ಯರು ಕಾಯಿಲೆಯ ಹೆಸರು ಹೇಳಿದರು: ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್. ಹಕ್ಕಿಯ ಹಿಕ್ಕೆ, ಗರಿಯ ಪುಡಿ, ಬೂಷ್ಟು ಇಂಥವುಗಳ ಸೂಕ್ಷ್ಮ ಕಣಗಳನ್ನು ಉಸಿರಾಡುತ್ತಾ ಉಸಿರಾಡುತ್ತಾ, ಕೆಲವರ ದೇಹ ಅದರ ಮೇಲೆ ತಿರುಗಿಬಿದ್ದು ಶ್ವಾಸಕೋಶವೇ ಉರಿಯತೊಡಗುವ ಸ್ಥಿತಿ. ಬೇಗ ಗೊತ್ತಾಗಿ ಕಾರಣದಿಂದ ದೂರವಾದರೆ ವಾಸಿಯಾಗಬಹುದು. ತಡವಾದರೆ ಶ್ವಾಸಕೋಶದಲ್ಲಿ ಗಾಯದ ಕಲೆಯಂತೆ ಗಟ್ಟಿಯಾಗಿ ಉಳಿದುಬಿಡುತ್ತದೆ.

ಆ ರಾತ್ರಿ ಹನ್ನೊಂದು ಗಂಟೆಗೆ ಸೊಸೈಟಿ ಗುಂಪಿಗೆ ನಾನೊಂದು ಸಂದೇಶ ಹಾಕಿದೆ. ‘ಭಾರತದಲ್ಲಿ ಶ್ವಾಸಕೋಶದ ಕಾಯಿಲೆಗಳಲ್ಲಿ ಶೇ 47ಕ್ಕೆ ಪಾರಿವಾಳವೇ ಕಾರಣ ಎಂದು ಅಂತರರಾಷ್ಟ್ರೀಯ ಅಧ್ಯಯನ ಹೇಳಿದೆ. ಟೆರೇಸಿನಲ್ಲಿ ಕಾಳು ಹಾಕುವುದು ಕೊಲೆಗೆ ಸಮ.’ ಕೊನೆಯ ವಾಕ್ಯ ಸಿಟ್ಟಿನಲ್ಲಿ ಬಂದದ್ದು. ಮೊದಲ ವಾಕ್ಯ ಬೇರೊಂದು ಗುಂಪಿನಿಂದ ಬಂದ ಫಾರ್ವರ್ಡಿನದು.

ಕಾಕಾರ ಲೆಕ್ಕ

ಮರುದಿನ ಭಾನುವಾರ. ಕಾಕಾ ಬೆಲ್ ಒತ್ತಿದರು. ಮೂಲ್ಜಿ ಜೇಠಾ ಮಾರ್ಕೆಟ್ಟಿನಲ್ಲಿ ನಲವತ್ತು ವರ್ಷ ಬಟ್ಟೆ ವ್ಯಾಪಾರ ಮಾಡಿ, ಈಗಲೂ ಕೆಂಪು ಬಟ್ಟೆ ಹೊದಿಸಿದ ಲೆಕ್ಕದ ಪುಸ್ತಕ ಬರೆಯುವ ಮನುಷ್ಯ. ಜಗಳಕ್ಕೇ ಬಂದಿದ್ದಾರೆ ಎಂದುಕೊಂಡೆ. ಅವರು ಅಮ್ಮನ ಕೋಣೆಯ ಬಾಗಿಲಲ್ಲಿ ನಿಂತು ಕೈ ಮುಗಿದರು, ಆಮೇಲೆ ಸೋಫಾದಲ್ಲಿ ಕೂತು ಫೋನ್ ತೆಗೆದರು.

‘ಬೇಟಾ, ನೂರಕ್ಕೆ ನಲವತ್ತೇಳು ಅಂತ ಬರೆದಿದ್ದೀಯ. ಯಾವ ನೂರು?’

‘ಅಂದರೆ?’

‘ಅಂಗಡಿಗೆ ಬಂದ ನೂರು ಜನರಲ್ಲಿ 47 ಜನ ಸೀರೆ ತಗೊಂಡರು ಅನ್ನೋದು ಒಂದು. ಸೀರೆ ತಗೊಂಡ ನೂರು ಜನರಲ್ಲಿ 47 ಜನ ಕೆಂಪು ಸೀರೆ ತಗೊಂಡರು ಅನ್ನೋದು ಇನ್ನೊಂದು. ನಿನ್ನ ನೂರು ಯಾವುದು?’

ನನ್ನಲ್ಲಿ ಉತ್ತರವಿರಲಿಲ್ಲ. ಎಂ.ಟೆಕ್. ಮಾಡಿದವನು ನಾನು. ದಿನಾ ಆಫೀಸಿನಲ್ಲಿ ಸರ್ವರ್‌ಗಳ ಲಾಗ್ ತೆಗೆದು ಇದೇ ಪ್ರಶ್ನೆಯನ್ನು ಕಿರಿಯರಿಗೆ ಕೇಳುವವನು. ‘ಎರರ್‌ಗಳಲ್ಲಿ ಶೇ 47 ಈ ಮಾಡ್ಯೂಲಿನದು’ ಎಂದರೆ ಶೇ 47 ಗ್ರಾಹಕರಿಗೆ ತೊಂದರೆಯಾಗಿದೆ ಎಂದಲ್ಲ. ಸಾವಿರ ಗ್ರಾಹಕರಲ್ಲಿ ಇಬ್ಬರಿಗೆ ಮಾತ್ರ ಎರರ್ ಬಂದಿರಬಹುದು. ಇಷ್ಟು ಗೊತ್ತಿದ್ದವನು ಅಮ್ಮನ ಕೆಮ್ಮು ಕೇಳುತ್ತಾ ಕೂತಾಗ ಮರೆತುಬಿಟ್ಟಿದ್ದೆ.

ಅವರು ಹೋದ ಮೇಲೆ ಮೂಲ ಪ್ರಬಂಧವನ್ನು ಹುಡುಕಿ ಓದಿದೆ. 2017ರಲ್ಲಿ ಅಮೆರಿಕದ ಶ್ವಾಸಕೋಶ ವೈದ್ಯರ ಒಂದು ಪ್ರಮುಖ ನಿಯತಕಾಲಿಕದಲ್ಲಿ ಬಂದದ್ದು. ಭಾರತದ 19 ನಗರಗಳ 27 ಆಸ್ಪತ್ರೆ ಕೇಂದ್ರಗಳಲ್ಲಿ 2012ರಿಂದ 2015ರವರೆಗೆ ರೋಗಿಗಳನ್ನು ದಾಖಲಿಸಿಕೊಂಡು ಮಾಡಿದ ಒಳ್ಳೆಯ ಕೆಲಸ. ಅದರ ‘ನೂರು’ ಹೀಗಿತ್ತು: ಐಎಲ್‌ಡಿ ಎಂದು ಕರೆಯುವ, ಶ್ವಾಸಕೋಶದ ಒಳಪದರ ಕೆಡುವ ಒಂದು ಗುಂಪಿನ ಕಾಯಿಲೆಗಳು ಹೊಸದಾಗಿ ಪತ್ತೆಯಾದ 1,084 ಜನ. ಅವರಲ್ಲಿ 513 ಮಂದಿಗೆ, ಅಂದರೆ ಶೇ 47.3ರಷ್ಟು ಜನರಿಗೆ, ಅಮ್ಮನಿಗೆ ಬಂದ ಕಾಯಿಲೆ ಇತ್ತು.

ಹಾಗಾದರೆ ನಾನು ಬರೆದದ್ದರಲ್ಲಿ ಎರಡು ತಪ್ಪು. ‘ಶ್ವಾಸಕೋಶದ ಕಾಯಿಲೆಗಳು’ ಎಂದೆ. ಅದರಲ್ಲಿ ಕ್ಷಯ, ಅಸ್ತಮಾ, ಬೀಡಿ ಸೇದಿ ಬರುವ ಸಿಒಪಿಡಿ ಎಲ್ಲವೂ ಸೇರುತ್ತವೆ. ಅಧ್ಯಯನ ಮಾತಾಡಿದ್ದು ಅವುಗಳಿಗೆ ಹೋಲಿಸಿದರೆ ತೀರಾ ಕಡಿಮೆ ಜನರಲ್ಲಿ ಕಾಣುವ ಒಂದು ಗುಂಪಿನ ಬಗ್ಗೆ. ಎರಡನೆಯದು ಇನ್ನೂ ದೊಡ್ಡ ತಪ್ಪು. ಆ 513 ಜನರ ಕಾಯಿಲೆಯನ್ನೆಲ್ಲ ಪಾರಿವಾಳದ ತಲೆಗೆ ಕಟ್ಟಿದೆ. ಅವರಲ್ಲಿ ಶೇ 48.1ರಷ್ಟು ಜನ ಏರ್ ಕೂಲರ್ ಬಳಸುತ್ತಿದ್ದರು ಎಂದು ಪ್ರಬಂಧದ ಸಾರಾಂಶದಲ್ಲೇ ಬರೆದಿದೆ. ಕೂಲರಿನ ಒದ್ದೆ ಹುಲ್ಲಿನ ಪ್ಯಾಡುಗಳಲ್ಲಿ ಬೂಷ್ಟು ಬೆಳೆಯುತ್ತದೆ. ಹಾಗೆಂದು ಆ ಅರ್ಧದಷ್ಟು ಜನರಿಗೂ ಕೂಲರೇ ಕಾಯಿಲೆ ತಂದಿತು ಎನ್ನುವಂತಿಲ್ಲ, ಅದು ಅವರ ಮನೆಯಲ್ಲಿತ್ತು ಎಂದಷ್ಟೇ ಹೇಳಬಹುದು. ಇನ್ನೊಂದು ಮಾತು. ಕೂಲರ್ ನಡೆಯುವುದು ಜೈಪುರ, ದೆಹಲಿ, ನಾಗಪುರದಂಥ ಒಣ ಸೆಕೆಯ ಊರುಗಳಲ್ಲಿ. ಸಮುದ್ರದ ತೇವದ ಮುಂಬೈಯಲ್ಲಿ ಅದನ್ನು ಕೇಳುವವರಿಲ್ಲ. ಹತ್ತೊಂಬತ್ತು ಊರುಗಳ ಸರಾಸರಿಯನ್ನು ಘಾಟ್ಕೋಪರಿನ ಒಂದು ಕಟ್ಟಡಕ್ಕೆ ನೇರ ಅನ್ವಯಿಸುವಂತಿಲ್ಲ.

ಪಾರಿವಾಳ ನಿರಪರಾಧಿ ಎಂದು ಇದರ ಅರ್ಥವಲ್ಲ. ಪಾರಿವಾಳ ಸಾಕುವವರಿಗೆ ಈ ಕಾಯಿಲೆ ಬರುತ್ತದೆ ಎಂಬುದು 1960ರ ದಶಕದಿಂದ ವೈದ್ಯಲೋಕಕ್ಕೆ ಗೊತ್ತು. ಅದಕ್ಕೆ ‘ಪಾರಿವಾಳ ಸಾಕುವವರ ಕಾಯಿಲೆ’ ಎಂಬ ಹೆಸರೇ ಇದೆ. ನನ್ನ ವಾದ ಸರಿ ಇತ್ತು, ನಾನು ಹಿಡಿದ ಸಾಕ್ಷಿ ತಪ್ಪಾಗಿತ್ತು. ಸಾಕ್ಷಿ ತಪ್ಪಿದಾಗ ಎದುರಿನವರಿಗೆ ವಾದವನ್ನೂ ತಳ್ಳಿಹಾಕುವುದು ಸುಲಭ. ಗುಂಪಿನಲ್ಲಿ ಅದೇ ಆಯಿತು. ‘ನಮ್ಮ ದಾದಾ 92 ವರ್ಷ ಬದುಕಿದರು, ಜೀವಮಾನವಿಡೀ ಕಾಳು ಹಾಕಿದರು, ಅವರಿಗೇನಾಯಿತು?’ ಎಂದು ಎರಡನೇ ಮಹಡಿಯಿಂದ ಉತ್ತರ ಬಂತು. ಈ ಕಾಯಿಲೆ ಬರುವುದು ಹಕ್ಕಿಯ ಒಡನಾಟ ಇದ್ದವರಲ್ಲೂ ಕೆಲವರಿಗೆ ಮಾತ್ರ. ಆದ್ದರಿಂದ ದಾದಾ ಆರೋಗ್ಯವಾಗಿದ್ದರು ಎಂಬುದು ನಿಜವೂ ಹೌದು, ಅದರಿಂದ ಏನೂ ಸಾಬೀತಾಗುವುದಿಲ್ಲ ಎಂಬುದೂ ಅಷ್ಟೇ ನಿಜ. ಆದರೆ ಅದನ್ನು ವಿವರಿಸುವ ನೈತಿಕತೆ ನನ್ನಲ್ಲಿ ಉಳಿದಿರಲಿಲ್ಲ.

ಕೋರ್ಟು ಹೇಳಿದ್ದು, ನಾವು ಕೇಳಿಸಿಕೊಂಡದ್ದು

ಆಗಸ್ಟಿನಲ್ಲಿ ನಗರ ಕಾವೇರಿತು. ತಿಂಗಳ ಆರಂಭದಲ್ಲಿ ಪಾಲಿಕೆ ದಾದರ್ ಕಬೂತರ್‌ಖಾನೆಯ ಮೇಲೆ ಟಾರ್ಪಾಲು ಹೊದಿಸಿತು. 6ರಂದು ಪ್ರತಿಭಟನೆಗೆ ಬಂದವರು ಅದನ್ನು ಹರಿದು, ಬಿದಿರು ಕಿತ್ತರು. ‘ಹೈಕೋರ್ಟ್ ಕಬೂತರ್‌ಖಾನೆ ಮುಚ್ಚಿಸಿತು’ ಎಂದೇ ಎಲ್ಲರ ಬಾಯಲ್ಲೂ. ಮರುದಿನ ಬಾಂಬೆ ಹೈಕೋರ್ಟ್ ಸ್ಪಷ್ಟಪಡಿಸಿತು: ಮುಚ್ಚಲು ನಾವು ಆದೇಶಿಸಿಲ್ಲ, ಪಾಲಿಕೆಯ ತೀರ್ಮಾನಕ್ಕೆ ತಡೆ ಕೊಡಲು ನಿರಾಕರಿಸಿದ್ದೇವೆ ಅಷ್ಟೆ. ಜನರ ಆರೋಗ್ಯ ಮುಖ್ಯ, ಇದನ್ನು ಪರಿಶೀಲಿಸಲು ತಜ್ಞರ ಸಮಿತಿ ಬೇಕು ಎಂದೂ ಹೇಳಿತು. 11ರಂದು ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಲು ಒಪ್ಪಲಿಲ್ಲ. ಬೆಳಗಿನ ಎರಡು ಗಂಟೆ ಕಾಳು ಹಾಕಲು ಬಿಡುತ್ತೇವೆ ಎಂದು ಪಾಲಿಕೆ ಹೇಳಿದಾಗ, ಮೊದಲು ಸಾರ್ವಜನಿಕರ ಆಕ್ಷೇಪಣೆ ಕೇಳಿ ಎಂದಿತು ಹೈಕೋರ್ಟ್. ಕೊನೆಗೆ ವರ್ಲಿ, ಅಂಧೇರಿಯ ಲೋಖಂಡ್‌ವಾಲಾ, ಬೋರಿವಲಿಯ ಗೊರಾಯಿ, ಐರೋಳಿ–ಮುಲುಂಡ್ ಚೆಕ್‌ನಾಕಾ, ಹೀಗೆ ನಾಲ್ಕು ಕಡೆ ಬೆಳಗಿನ ಹೊತ್ತು ಮಾತ್ರ ತಾತ್ಕಾಲಿಕ ಅವಕಾಶ ಸಿಕ್ಕಿತು.

‘ತಡೆ ಕೊಡಲಿಲ್ಲ’ ಮತ್ತು ‘ಮುಚ್ಚಿಸಿತು’ ಇವೆರಡರ ನಡುವಿನ ವ್ಯತ್ಯಾಸ ಸಣ್ಣದಾಗಿ ಕಾಣಬಹುದು. ಬೀದಿಗಿಳಿದವರಿಗೆ ಅದು ಸಣ್ಣದಾಗಿರಲಿಲ್ಲ. ‘ಕೋರ್ಟು ನಮ್ಮ ಧರ್ಮದ ವಿರುದ್ಧ ತೀರ್ಪು ಕೊಟ್ಟಿತು’ ಎಂದು ಒಂದು ಕಡೆ, ‘ವಿಜ್ಞಾನ ಗೆದ್ದಿತು’ ಎಂದು ಇನ್ನೊಂದು ಕಡೆ. ವಿಜ್ಞಾನದ ಪ್ರಶ್ನೆಗಳನ್ನು ಆಗಿನ್ನೂ ಯಾರೂ ಪೂರ್ತಿ ಕೇಳಿರಲೇ ಇಲ್ಲ.

ಆ ದಿನಗಳಲ್ಲಿ ಟಿ.ವಿ. ಚರ್ಚೆಗಳನ್ನು ನೋಡುತ್ತಾ ಒಂದು ಮಾದರಿ ಕಂಡೆ. ಎಡಗಡೆ ಒಬ್ಬ ಶ್ವಾಸಕೋಶ ತಜ್ಞರು, ಬಲಗಡೆ ಒಬ್ಬ ಧಾರ್ಮಿಕ ಮುಖಂಡರು, ನಡುವೆ ನಿರೂಪಕ. ಇಬ್ಬರಿಗೂ ಸಮಾನ ಸಮಯ, ಆದ್ದರಿಂದ ಸಮತೋಲನದ ವರದಿ! ಹಿಕ್ಕೆಯಿಂದ ಕಾಯಿಲೆ ಬರುತ್ತದೆಯೇ ಎಂಬುದು ವೈದ್ಯರು ಉತ್ತರಿಸಬೇಕಾದ ಪ್ರಶ್ನೆ. ಅಲ್ಲಿ ಅರ್ಧ–ಅರ್ಧ ಹಂಚಿದರೆ ಗೊತ್ತಿರುವುದನ್ನೂ ಗೊಂದಲ ಮಾಡಿದಂತೆ. ಹಸಿದ ಹಕ್ಕಿಗೆ ಕಾಳು ಹಾಕುವುದಕ್ಕೆ ಸಾರ್ವಜನಿಕ ಜೀವನದಲ್ಲಿ ಎಷ್ಟು ಬೆಲೆ ಕೊಡಬೇಕು ಎಂಬುದು ಬೇರೆ ಪ್ರಶ್ನೆ. ಅಲ್ಲಿ ವೈದ್ಯರ ಮಾತಿಗೆ ಕಾಕಾರ ಮಾತಿಗಿಂತ ಹೆಚ್ಚು ತೂಕವಿಲ್ಲ. ಎರಡೂ ಪ್ರಶ್ನೆಗಳನ್ನು ಒಂದೇ ಪಾತ್ರೆಗೆ ಹಾಕಿ ಕಲಸಿದ್ದರಿಂದಲೇ ಅಷ್ಟು ಗದ್ದಲ.

ಪಡ್ರೆಯ ಪಾಠ

ಇದನ್ನು ಯೋಚಿಸುವಾಗೆಲ್ಲ ನನಗೆ ನೆನಪಾದದ್ದು ಊರು. ನಮ್ಮ ಕಡೆಯಿಂದ ಗಡಿ ದಾಟಿದರೆ ಕಾಸರಗೋಡು ಜಿಲ್ಲೆ. ಚಿಕ್ಕಮ್ಮನ ಮನೆ ಪೆರ್ಲದ ಹತ್ತಿರ. ಹೆಲಿಕಾಪ್ಟರ್ ಬರುವ ದಿನ ಬಾವಿ ಮುಚ್ಚಿಡಬೇಕು ಎಂಬ ಮಾತನ್ನು ಚಿಕ್ಕಂದಿನಲ್ಲಿ ಅಲ್ಲಿ ಕೇಳಿದ್ದೇನೆ. ಕೇರಳದ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಎಂಡೋಸಲ್ಫಾನ್ ಸುರಿದ ಕಥೆ ಕನ್ನಡದ ಓದುಗರಿಗೆ ಹೊಸದಲ್ಲ. ಆ ಸುದ್ದಿ ಹೇಗೆ ಬೆಳೆಯಿತು ಎಂಬುದನ್ನು ಮಾತ್ರ ಮತ್ತೆ ನೋಡುವುದು ಒಳ್ಳೆಯದು.

1979ರ ಸುಮಾರಿಗೆ ಕೈಕಾಲು ಸೊಟ್ಟಗಾಗಿ ಹುಟ್ಟಿದ ಕರುಗಳನ್ನು ನೋಡಿ ಮೊದಲು ಬರೆದವರು ಅಲ್ಲಿಯ ಕೃಷಿಕ, ಪತ್ರಕರ್ತ ಶ್ರೀ ಪಡ್ರೆ. ಮುಂದೆ ಪುತ್ತೂರಿನ ‘ಅಡಿಕೆ ಪತ್ರಿಕೆ’ಯ ಮೂಲಕ ನಮ್ಮ ಮನೆಗಳಿಗೆಲ್ಲ ಪರಿಚಿತರಾದವರು. 1990ರ ದಶಕದಲ್ಲಿ ಪಡ್ರೆ ಗ್ರಾಮದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ನರದ ತೊಂದರೆ, ಬುದ್ಧಿಮಾಂದ್ಯ, ಕ್ಯಾನ್ಸರ್ ವಿಪರೀತ ಎನಿಸಿ ವೈದ್ಯಕೀಯ ಪತ್ರಿಕೆಗೆ ಬರೆದರು. ಇವೆರಡೂ ಅನುಮಾನದ ಹಂತ. ಅನುಮಾನಕ್ಕೆ ಬೆಲೆಯಿದೆ. ಅದಿಲ್ಲದಿದ್ದರೆ ಮುಂದಿನ ಯಾವ ಪರೀಕ್ಷೆಯೂ ಆಗುತ್ತಿರಲಿಲ್ಲ.

2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ, ಅಲ್ಲಿನ ನೀರು ಮತ್ತು ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿದೆ ಎಂದು ಪ್ರಕಟಿಸಿತು. ಅದೇ ವರ್ಷ ಕಾರ್ಪೊರೇಷನ್ ನೇಮಿಸಿದ ಇನ್ನೊಂದು ಸಂಸ್ಥೆ, ಹಾಗೇನೂ ಇಲ್ಲ ಎಂದಿತು. ಎರಡು ಪ್ರಯೋಗಾಲಯ, ಎರಡು ಉತ್ತರ. ‘ತಜ್ಞರಲ್ಲಿ ಭಿನ್ನಾಭಿಪ್ರಾಯ’ ಎಂದು ಬರೆದು ಕೈತೊಳೆದುಕೊಳ್ಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಉಂಟೆ? ಅಂಥ ಹೊತ್ತಲ್ಲಿ ವರದಿಗಾರ ಕೇಳಬೇಕಾದ್ದು ಬೇರೆ. ಮಾದರಿಯನ್ನು ಯಾರು, ಯಾವಾಗ, ಎಲ್ಲಿಂದ ತೆಗೆದರು? ಸಿಂಪಡಣೆ ಆಗಿ ಎಷ್ಟು ದಿನವಾಗಿತ್ತು? ಪರೀಕ್ಷೆಯ ಖರ್ಚು ಯಾರದು? ಮುಖ್ಯವಾಗಿ, ಯಾರಿಗೆ ಹೋಲಿಸಿದರು?

ಆ ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ. 2003ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ, ಸಿಂಪಡಣೆಯ ಕೆಳಗೆ ಬದುಕಿದ ಊರಿನ 117 ಶಾಲಾ ಹುಡುಗರ ಜೊತೆ, ಸಿಂಪಡಣೆ ಕಾಣದ ಊರಿನ ಅದೇ ಬಗೆಯ 90 ಹುಡುಗರನ್ನೂ ಪರೀಕ್ಷಿಸಲಾಗಿತ್ತು. ಮೊದಲ ಗುಂಪಿನವರ ರಕ್ತದಲ್ಲಿ ವಿಷದ ಅಂಶ ಹೆಚ್ಚಿತ್ತು, ಪ್ರಾಯಕ್ಕೆ ಬರುವ ಲಕ್ಷಣಗಳು ತಡವಾಗಿದ್ದವು. ನಮ್ಮ ಮಾದರಿ ಚಿಕ್ಕದು, ಪಾಲ್ಗೊಳ್ಳದವರೂ ಇದ್ದರು ಎಂದು ತಮ್ಮ ಮಿತಿಯನ್ನು ಆ ವಿಜ್ಞಾನಿಗಳೇ ಬರೆದುಕೊಂಡರು. ಆ 90 ಹುಡುಗರಿಲ್ಲದಿದ್ದರೆ ಆ 117ರ ಸಂಖ್ಯೆಗೆ ಅರ್ಥವೇ ಇರುತ್ತಿರಲಿಲ್ಲ. ಪತ್ರಿಕೆಯಲ್ಲಿ ಫೋಟೊ ಬರುವುದು ಬಾಧಿತರದು. ಆ ಹೋಲಿಕೆಯ ಊರಿನ ಆರೋಗ್ಯವಂತ ಹುಡುಗರ ಫೋಟೊ ಯಾರೂ ಹಾಕುವುದಿಲ್ಲ.

ಮಿತಿ ಇದೆ ಎಂದು ವಿಜ್ಞಾನಿಗಳೇ ಹೇಳಿದ ಮೇಲೂ ಸರ್ಕಾರಗಳು ಕೈಕಟ್ಟಿ ಕೂರಬೇಕಾಗಿರಲಿಲ್ಲ. ಕಾಸರಗೋಡಿನಲ್ಲಿ ಹೆಲಿಕಾಪ್ಟರ್ ನಿಂತದ್ದು 2000ದ ಕೊನೆಗೆ, ಈ ಪ್ರಬಂಧ ಬರುವ ಮೊದಲೇ. 2011ರ ಮೇಯಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ನಿಷೇಧಿಸಿತು. ತಡಮಾಡಿದರೆ ಆಗುವ ಹಾನಿ ಮಕ್ಕಳಿಗೆ, ನಿಲ್ಲಿಸಿದರೆ ಆಗುವ ನಷ್ಟ ಗೇರುಬೀಜಕ್ಕೆ ಎಂದಾಗ ಸಾಕ್ಷಿ ನೂರಕ್ಕೆ ನೂರು ಆಗುವವರೆಗೆ ಕಾಯಬೇಕಿಲ್ಲ. ಆದರೆ ಅದು ಜಾಗರೂಕತೆಯ ತೀರ್ಮಾನ. ಅದನ್ನು ಹಾಗೆಯೇ ಹೇಳಬೇಕು. ‘ವಿಜ್ಞಾನ ಎಲ್ಲವನ್ನೂ ಸಾಬೀತು ಮಾಡಿದೆ’ ಎಂದು ಏರಿಸಿ ಬರೆದರೆ, ನಾಳೆ ಯಾರಾದರೂ ಒಂದು ಎಳೆ ಕಿತ್ತಾಗ ಬಟ್ಟೆಯೆಲ್ಲ ಬಿಚ್ಚಿಕೊಳ್ಳುತ್ತದೆ.

ಮುಚ್ಚಿದರೆ ಕಡಿಮೆಯಾಗುತ್ತದೆಯೆ?

ಮುಂಬೈಗೆ ಮರಳಿದರೆ, ಯಾರೂ ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆ ಇತ್ತು. ಹಿಕ್ಕೆಯಿಂದ ಕಾಯಿಲೆ ಬರುತ್ತದೆ ಎಂಬುದು ಒಂದು ಮಾತು. ದಾದರ್ ಕಬೂತರ್‌ಖಾನೆಗೆ ಟಾರ್ಪಾಲು ಹೊದಿಸಿದರೆ ಘಾಟ್ಕೋಪರಿನ ಕಿಟಕಿಯ ಹಿಕ್ಕೆ ಕಡಿಮೆಯಾಗುತ್ತದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ವೈದ್ಯರು ಬೇಕು, ಎರಡನೆಯದಕ್ಕೆ ಹಕ್ಕಿಗಳನ್ನು ಎಣಿಸುವವರು ಬೇಕು.

ಇದಕ್ಕೆ ಒಂದು ಊರಿನ ಅನುಭವವಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1961ರಿಂದ 1985ರವರೆಗೆ ಸುಮಾರು ಒಂದು ಲಕ್ಷ ಪಾರಿವಾಳಗಳನ್ನು ಕೊಂದರು. ಆದರೂ ಸಂಖ್ಯೆ 20 ಸಾವಿರದ ಆಸುಪಾಸಿನಲ್ಲೇ ನಿಂತಿತು. ಕೊಂದಷ್ಟೂ ಜಾಗ ಖಾಲಿ, ಆಹಾರ ಮಾತ್ರ ಹಾಗೆಯೇ, ಹೊಸ ಮರಿಗಳು ಆ ಜಾಗ ತುಂಬಿದವು. 1988ರಲ್ಲಿ ಅಲ್ಲಿಯ ಜೀವಶಾಸ್ತ್ರಜ್ಞ ಡೇನಿಯಲ್ ಹಾಗ್-ವಾಕರ್ನಾಗೆಲ್ ಮತ್ತು ನಗರಾಡಳಿತ ದಾರಿ ಬದಲಿಸಿದರು. ಬೇಕಾಬಿಟ್ಟಿ ಕಾಳು ಹಾಕಿದರೆ ಹಕ್ಕಿಗಳ ಸಂತೆ ಹೆಚ್ಚಿ, ಮರಿಗಳೇ ರೋಗದಲ್ಲಿ, ಇಕ್ಕಟ್ಟಿನಲ್ಲಿ ನರಳುತ್ತವೆ ಎಂದು ಜನರಿಗೆ ಚಿತ್ರ ಸಮೇತ ತಿಳಿಹೇಳಿದರು. ನಿಗದಿತ ಗೂಡುಗಳನ್ನಿಟ್ಟು ಮೊಟ್ಟೆ ತೆಗೆದರು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಸಂಖ್ಯೆ ಅರ್ಧಕ್ಕಿಳಿಯಿತು.

ಈ ಉದಾಹರಣೆಯಿಂದ ಎರಡೂ ಕಡೆಯವರಿಗೆ ಸ್ವಲ್ಪ ಸ್ವಲ್ಪ ಇರಿಸುಮುರಿಸು. ಕಾಳು ಹಾಕುವುದಕ್ಕೂ ಹಕ್ಕಿಗಳ ಸಂಖ್ಯೆಗೂ ಸಂಬಂಧವಿಲ್ಲ ಎನ್ನುವವರಿಗೆ ಅದು ಇದೆ ಎಂದು ತೋರಿಸುತ್ತದೆ. ಒಂದು ವಾರ ಟಾರ್ಪಾಲು ಹೊದಿಸಿ, ನಾಲ್ಕು ಕೇಸು ಹಾಕಿದರೆ ಮುಗಿಯಿತು ಎನ್ನುವವರಿಗೆ, ಬೇಕಾದದ್ದು ವರ್ಷಗಟ್ಟಲೆ ತಾಳ್ಮೆ ಮತ್ತು ಜನರ ಒಪ್ಪಿಗೆ ಎಂದು ಹೇಳುತ್ತದೆ. ನಮ್ಮ ಗುಂಪಿನಲ್ಲಿ ಇದನ್ನು ಹಾಕಿದಾಗ ಅತಿ ಹೆಚ್ಚು ಓದಿದವರು ಕಾಕಾ. ಮರಿಗಳು ನರಳುತ್ತವೆ ಎಂಬ ಸಾಲನ್ನು ಅವರು ಹೆಂಡತಿಗೆ ಗುಜರಾತಿಯಲ್ಲಿ ಓದಿ ಹೇಳಿದರಂತೆ. ದಯೆಯ ಪ್ರಶ್ನೆಗೆ ದಯೆಯ ಭಾಷೆಯಲ್ಲೇ ಸಾಕ್ಷಿ ಸಿಕ್ಕಿತ್ತು.

ಬಾಸೆಲ್ ಮುಂಬೈ ಅಲ್ಲ ಎಂಬುದನ್ನೂ ಆ ಸಂದೇಶದಲ್ಲಿ ಬರೆದಿದ್ದೆ. ಅಷ್ಟರಲ್ಲಿ ನನಗೂ ಸ್ವಲ್ಪ ಬುದ್ಧಿ ಬಂದಿತ್ತು.

ಅಮ್ಮನ ಲೆಕ್ಕ

ಈಗ ಅಮ್ಮನ ವಿಷಯ. ಕಿಟಕಿಗೆ ಕಬೂತರ್ ಜಾಲಿ ಹಾಕಿಸಿದೆ, ಹಿಕ್ಕೆಯನ್ನು ನೀರು ಹಾಕಿ ನೆನೆಸಿ ತೆಗೆಸಿದೆ. ವೈದ್ಯರು ಸ್ಟೆರಾಯ್ಡ್ ಮಾತ್ರೆ ಶುರು ಮಾಡಿದರು. ಆಗಸ್ಟ್ ಕೊನೆಗೆ ಅವಳನ್ನು ಊರಿಗೆ ಅಣ್ಣನ ಮನೆಗೆ ಕಳಿಸಿದೆವು. ಮಗುವಿಗೆ ಡೇಕೇರ್ ಹುಡುಕಿದೆವು. ಅಕ್ಟೋಬರಿನಲ್ಲಿ ಅವಳು ಅಂಗಳದಿಂದ ತೋಟದ ಕೆರೆಯವರೆಗೆ ನಿಲ್ಲದೆ ನಡೆದಳು ಎಂದು ಅಣ್ಣ ಫೋನ್ ಮಾಡಿದ.

ಹಾಗಾದರೆ ಪಾರಿವಾಳವೇ ಕಾರಣ ಎಂದು ಸಾಬೀತಾಯಿತಲ್ಲ? ನನಗೂ ಹಾಗೆಯೇ ಹೇಳಬೇಕೆನಿಸಿತು. ಆದರೆ ಮುಂಬೈ ಬಿಟ್ಟದ್ದು ಮತ್ತು ಮಾತ್ರೆ ನುಂಗಿದ್ದು ಎರಡೂ ಒಟ್ಟೊಟ್ಟಿಗೇ ಆಯಿತು. ಒಂದೇ ರಿಲೀಸಿನಲ್ಲಿ ಎರಡು ಬದಲಾವಣೆ ಮಾಡಿ, ಬಗ್ ಹೋದಾಗ ಯಾವುದರಿಂದ ಹೋಯಿತು ಎಂದು ಹೇಳಲಾಗದ ಸ್ಥಿತಿ. ರಕ್ತಪರೀಕ್ಷೆಯಲ್ಲಿ ಪಾರಿವಾಳದ ವಿರುದ್ಧ ಪ್ರತಿಕಾಯ ಕಂಡಿತ್ತು. ಅದು ಅವಳ ಉಸಿರಿಗೆ ಪಾರಿವಾಳದ ಕಣ ಹೋಗಿತ್ತು ಎನ್ನುತ್ತದೆ. ಹಾಗೆ ಹೋಗಿಯೂ ಕಾಯಿಲೆ ಬಾರದ ಎಷ್ಟೋ ಜನರ ರಕ್ತದಲ್ಲೂ ಅದು ಇರುತ್ತದೆ. ಇನ್ನು ಊರಿನಲ್ಲಿ ನಲವತ್ತು ವರ್ಷ ಅವಳು ಹಟ್ಟಿಯಲ್ಲಿ ಬೂಷ್ಟು ಹಿಡಿದ ಬೈಹುಲ್ಲು ಬಿಡಿಸಿದವಳು. ಬೂಷ್ಟು ಹುಲ್ಲಿನಿಂದಲೂ ಇದೇ ಬಗೆಯ ಕಾಯಿಲೆ ಬರುತ್ತದೆ. ಅದಕ್ಕೆ ‘ರೈತರ ಶ್ವಾಸಕೋಶ’ ಎಂಬ ಹೆಸರಿದೆ. ವೈದ್ಯರನ್ನು ಕೇಳಿದೆ. ‘ಎಲ್ಲ ಸೇರಿಸಿ ನೋಡಿದರೆ ಪಾರಿವಾಳವೇ ಹೆಚ್ಚು ಸಂಭವ. ಹಟ್ಟಿಗೂ ಕಳಿಸಬೇಡಿ’ ಎಂದರು. ಅಮ್ಮನಿಗೆ ಹೇಳಿದಾಗ, ‘ಎಂತ ಮಾರಾಯ, ಅಲ್ಲಿ ಹಕ್ಕಿ ಬೇಡ, ಇಲ್ಲಿ ದನ ಬೇಡ, ಮತ್ತೆ ನಾನು ಮಾತಾಡುವುದು ಯಾರ ಹತ್ತಿರ?’ ಎಂದಳು.

‘ಹೆಚ್ಚು ಸಂಭವ’ ಎಂಬ ಆ ಎರಡು ಪದ ಸುದ್ದಿಯ ತಲೆಬರಹಕ್ಕೆ ಬರುವುದಿಲ್ಲ. ಆದರೆ ಜಾಲಿ ಹಾಕಿಸಲು, ಟೆರೇಸಿನ ಕಾಳು ನಿಲ್ಲಿಸಿ ಎಂದು ಕೇಳಲು ಅಷ್ಟು ಸಾಕು. ಪಕ್ಕದ ಮನೆಯವರನ್ನು ಕೊಲೆಗಾರ ಎನ್ನಲು ಸಾಲದು.

ಹೊರನಾಡಿನಲ್ಲಿರುವ ನಾವು ಈಗ ಒಂದು ರೀತಿಯಲ್ಲಿ ವರದಿಗಾರರೇ. ಊರಿನ ಸುದ್ದಿ ಇಲ್ಲಿಗೆ, ಇಲ್ಲಿಯದು ಊರಿಗೆ, ನಮ್ಮ ಬೆರಳ ತುದಿಯಿಂದಲೇ ಹೋಗುತ್ತದೆ. ನಾನೀಗ ಕಳಿಸುವ ಮೊದಲು ನಾಲ್ಕು ವಿಷಯ ನೋಡುತ್ತೇನೆ. ಈ ಶೇಕಡಾವಾರು ಯಾವ ನೂರರದು? ಯಾರಿಗೆ ಹೋಲಿಸಿ ಹೇಳಿದ್ದು? ಅಧ್ಯಯನ ಮಾಡಿದವರೇ ಬರೆದ ಮಿತಿ ಏನು? ಇದು ತಜ್ಞರು ಉತ್ತರಿಸುವ ಪ್ರಶ್ನೆಯೋ, ನಾವೆಲ್ಲ ಕೂತು ತೀರ್ಮಾನಿಸಬೇಕಾದದ್ದೋ? ಇದಕ್ಕೆ ಎಂ.ಟೆಕ್. ಬೇಕಿಲ್ಲ, ಲೆಕ್ಕದ ಪುಸ್ತಕ ಬರೆಯುವಷ್ಟು ಶಿಸ್ತು ಸಾಕು.

ಗುಂಪಿನಲ್ಲಿ ನನ್ನ ತಿದ್ದುಪಡಿ ಹಾಕಿದ್ದು ಮೂರು ದಿನ ತಡವಾಗಿ. ‘ಶೇ 47 ಎಂದು ನಾನು ಬರೆದದ್ದು ತಪ್ಪು. ಕೊಲೆ ಎಂದದ್ದು ಅದಕ್ಕಿಂತ ದೊಡ್ಡ ತಪ್ಪು. ಆದರೆ ನನ್ನ ಅಮ್ಮನ ಶ್ವಾಸಕೋಶಕ್ಕೆ ಹಿಕ್ಕೆಯಿಂದ ಅಪಾಯ ಎಂದು ವೈದ್ಯರು ಹೇಳಿರುವುದು ನಿಜ.’ ಹಳೆಯ ಸಂದೇಶಕ್ಕೆ 31 ಹೆಬ್ಬೆರಳು ಬಿದ್ದಿದ್ದವು. ಇದಕ್ಕೆ ಬಿದ್ದದ್ದು ನಾಲ್ಕು.

ಸೆಪ್ಟೆಂಬರಿನ ಸೊಸೈಟಿ ಸಭೆಯಲ್ಲಿ ಟೆರೇಸಿನಲ್ಲಿ ಕಾಳು ಹಾಕಬಾರದು ಎಂದು ತೀರ್ಮಾನವಾಯಿತು. ಕಾಕಾ ಪರವಾಗಿಯೂ ಕೈ ಎತ್ತಲಿಲ್ಲ, ವಿರುದ್ಧವಾಗಿಯೂ ಎತ್ತಲಿಲ್ಲ. ಈಗ ಜೋಳದ ದುಡ್ಡು ತಿಂಗಳಿಗೊಮ್ಮೆ ಪಾಂಜ್ರಾಪೋಳಕ್ಕೆ ಹೋಗುತ್ತದೆ. ಬೆಳಿಗ್ಗೆ ಆರೂವರೆಗೆ ಅವರು ಇನ್ನೂ ಟೆರೇಸಿಗೆ ಹೋಗುತ್ತಾರೆ, ಖಾಲಿ ಕೈಯಲ್ಲಿ, ವಾಕಿಂಗಿಗೆ. ಒಂದಷ್ಟು ಹಕ್ಕಿಗಳು ಇನ್ನೂ ಬಂದು ಕಾಯುತ್ತವೆ. ಲಿಫ್ಟಿನಲ್ಲಿ ಸಿಕ್ಕಾಗ ಅವರು ಹಕ್ಕಿಯ ಮಾತೆತ್ತುವುದಿಲ್ಲ. ‘ಬಾ ಹೇಗಿದ್ದಾರೆ?’ ಎಂದು ಅಮ್ಮನನ್ನು ಕೇಳುತ್ತಾರೆ.

ಮಾತ್ರೆಯ ಪ್ರಮಾಣ ಇಳಿಸುತ್ತಿದ್ದೇವೆ, ಮುಂದಿನ ಸ್ಕ್ಯಾನಿನ ನಂತರ ಗೊತ್ತಾಗುತ್ತದೆ ಎನ್ನುತ್ತೇನೆ. ಅಷ್ಟು ಮಾತ್ರ ಗೊತ್ತಿರುವುದು. ಆರನೇ ಮಹಡಿಯಿಂದ ಥೇಪ್ಲಾದ ಡಬ್ಬಿ ಮೊನ್ನೆ ಮತ್ತೆ ಬಂತು. ಅದನ್ನು ಖಾಲಿ ವಾಪಸು ಕೊಡುವಂತಿಲ್ಲ ಎಂದು ಅಮ್ಮ ಫೋನಿನಲ್ಲೇ ನೀರುದೋಸೆಗೆ ಅಕ್ಕಿಯ ಅಳತೆ ಹೇಳಿದಳು.